ಏಜ್ ಆಫ್ ಎಂಪೈರ್ಸ್ 2 ಟೂರ್ನಿ: ಮ್ಯಾಪ್‌ಹ್ಯಾಕ್ ಅನುಮಾನ ಬಂದರೆ ತೀರ್ಪು ಕೊಡೋದು ಹೇಗೆ?

ಕೋಟೆಬಾಗಿಲು:
ಎಲ್ಲರಿಗೂ ನಮಸ್ಕಾರ. ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್ ಅನ್ನೋ, ಊರು ಕಟ್ಟಿ ಸೈನ್ಯ ಬೆಳೆಸಿ ಕಾದಾಡೋ ಕಂಪ್ಯೂಟರ್ ಗೇಮ್‌ನಲ್ಲಿ 16 ಜನರ ಆನ್‌ಲೈನ್ ಟೂರ್ನಿ ನಡೆಸಬೇಕಿದೆ. ಒಬ್ಬರ ಮೇಲೊಬ್ಬರು, ಬಹುತೇಕ ಅರೇಬಿಯಾ ಮ್ಯಾಪ್, 1200 ಎಲೋ (ಆಟಗಾರನ ಮಟ್ಟ ಹೇಳೋ ಅಂಕ) ಒಳಗಿನವರಿಗೆ ಮಾತ್ರ. ಎಲ್ಲರೂ ಅವರವರ ಮನೆಯಿಂದಲೇ ಆಡೋದು, ಪಕ್ಕದಲ್ಲಿ ಕೂತು ನೋಡೋಕೆ ಯಾರೂ ಇರಲ್ಲ. ಮ್ಯಾಪ್‌ಹ್ಯಾಕ್, ಅಂದರೆ ಮುಚ್ಚಿರೋ ಮ್ಯಾಪ್ ಪೂರ್ತಿ ತೋರಿಸೋ ಚೀಟ್, ಹಾಕಿದವರನ್ನ ಗೇಮೇ ಹಿಡಿಯುತ್ತಾ? ಹಿಡಿಯದಿದ್ದರೆ ಯಾವ ಸಾಕ್ಷಿ ನಂಬಬಹುದು? ನಿಯಮದ ಪಟ್ಟಿಯಲ್ಲಿ ಇನ್ನೇನು ಇರಲೇಬೇಕು?

ಲಾಕ್‌ಸ್ಟೆಪ್:
ಗೇಮ್ ಹಿಡಿಯುತ್ತೆ ಅಂತ ನಂಬಿ ಕೂರಬೇಡಿ. ಇಲ್ಲಿ ಸರ್ವರ್ ಆಟ ನಡೆಸಲ್ಲ, ಸಂದೇಶ ದಾಟಿಸುತ್ತೆ ಅಷ್ಟೇ. ಇಬ್ಬರ ಕಂಪ್ಯೂಟರ್‌ನಲ್ಲೂ ಪೂರ್ತಿ ಆಟ ಒಂದೇ ಹೆಜ್ಜೆಯಲ್ಲಿ ನಡೀತಿರುತ್ತೆ. ನೆಟ್‌ನಲ್ಲಿ ಹೋಗೋದು "ಈ ವಿಲೇಜರ್ (ಕೆಲಸಗಾರ) ಅಲ್ಲಿಗೆ ನಡೆ" ಅನ್ನೋ ಥರದ ಆಜ್ಞೆಗಳು ಮಾತ್ರ. ಅಂದರೆ ಎದುರಾಳಿಯ ಒಂದೊಂದು ಬಿಲ್ಲುಗಾರನೂ ನಿಮ್ಮ ಮೆಮೊರಿಯಲ್ಲಿ ಆಗಲೇ ಇದ್ದಾನೆ, ಫಾಗ್ ಅವನ ಮೇಲೆ ಎಳೆದ ಪರದೆ. ಮ್ಯಾಪ್‌ಹ್ಯಾಕ್ ಆ ಪರದೆ ಸರಿಸುತ್ತೆ. ಅದರಿಂದ ಹೊರಗೆ ಏನೂ ಹೋಗದ ಕಾರಣ ಎದುರಿನ ಕಂಪ್ಯೂಟರ್‌ಗೆ ಗೊತ್ತಾಗೋ ದಾರಿಯೇ ಇಲ್ಲ.

ಇದೇ ವಿನ್ಯಾಸದಿಂದ ಒಂದು ಲಾಭವೂ ಇದೆ. ಯಾರಾದರೂ ತನ್ನ ಕಡೆ ಮಾತ್ರ 1000 ಚಿನ್ನ ಸೇರಿಸಿಕೊಂಡರೆ ಎರಡೂ ಕಡೆಯ ಲೆಕ್ಕ ತಾಳೆಯಾಗದೆ "ಔಟ್ ಆಫ್ ಸಿಂಕ್" ಬಂದು ಆಟ ನಿಂತುಹೋಗುತ್ತೆ. ಹಾಗಾಗಿ ಸಂಪನ್ಮೂಲ ಕದಿಯೋ ಚಿಂತೆ ಬಿಡಿ, ಇಲ್ಲಿ ಕಳ್ಳತನ ಆಗೋದು ಮಾಹಿತಿಯದ್ದು.

ಡೋಟಾ 2 ಅನ್ನೋ ಗೇಮ್‌ನ ಕಥೆ ಬೇರೆ, ಅಲ್ಲಿ ಸರ್ವರ್‌ದೇ ಕೊನೆ ಮಾತು. 2023ರ ಫೆಬ್ರವರಿಯಲ್ಲಿ ಅದನ್ನ ಮಾಡಿದ ವಾಲ್ವ್ ಸಂಸ್ಥೆ, ಸಾಮಾನ್ಯ ಆಟದಲ್ಲಿ ಯಾರೂ ಓದದ, ಚೀಟ್ ತಂತ್ರಾಂಶ ಮಾತ್ರ ಓದುವಂಥ ಡೇಟಾ ಒಳಗಿಟ್ಟು 40,000ಕ್ಕೂ ಹೆಚ್ಚು ಅಕೌಂಟ್‌ಗಳನ್ನ ಹಿಡಿದು ಬ್ಯಾನ್ ಮಾಡಿತು. ಅಂಥ ಬೋನು ಇಡೋದು ಗೇಮ್ ಮಾಡಿದವರಿಂದ ಮಾತ್ರ ಸಾಧ್ಯ. ನಿಮಗೆ ಉಳಿಯೋದು ರೀಪ್ಲೇ, ಅಂದರೆ ಪಂದ್ಯದ ರೆಕಾರ್ಡ್ ಫೈಲ್.

ರೆಕ್_ಓದುಗ:
ಹಾಗಾದರೆ ರೀಪ್ಲೇ ವಿಷಯವನ್ನೇ ವಿವರವಾಗಿ ಹೇಳ್ತೀನಿ, ಹೆಚ್ಚಿನ ಟೂರ್ನಿಗಳು ಎಡವೋದು ಇಲ್ಲೇ.

ಲಾಬಿಯಲ್ಲಿ (ಪಂದ್ಯಕ್ಕೆ ಮುಂಚೆ ಆಟಗಾರರು ಸೇರೋ ಪರದೆ) ರೆಕಾರ್ಡ್ ಗೇಮ್ ಟಿಕ್ ಆಗಿರಲಿ. ಪಂದ್ಯ ಮುಗಿದ 30 ನಿಮಿಷದೊಳಗೆ ಇಬ್ಬರೂ ತಮ್ಮ ತಮ್ಮ ಫೈಲ್ ಕಳಿಸಬೇಕು, ಗೆದ್ದವರದ್ದು ಮಾತ್ರ ಸಾಲದು. ಯಾರು ರೆಕಾರ್ಡ್ ಮಾಡಿದರೋ ಅವರ ಕ್ಯಾಮೆರಾ ಓಡಾಟ ಮಾತ್ರ ಆ ಫೈಲ್‌ನಲ್ಲಿ ಸಿಗೋದು. ಇನ್ನೊಂದು, ಪ್ಯಾಚ್ (ಗೇಮ್‌ನ ಅಪ್‌ಡೇಟ್) ಬಂದಮೇಲೆ ಹಳೇ ರೆಕಾರ್ಡ್ ಫೈಲ್‌ಗಳು ತೆರೆಯದೇ ಹೋಗಬಹುದು. ದೂರು ಬಂದರೆ ಮುಂದಿನ ಅಪ್‌ಡೇಟ್‌ಗೆ ಮುಂಚೆಯೇ ನೋಡಿ ಮುಗಿಸಿ.

ನೋಡುವಾಗ ಅನುಮಾನ ಬಂದ ಆಟಗಾರನ ಫಾಗ್ ಆನ್ ಮಾಡಿ, ವ್ಯೂ ಲಾಕ್ ಹಾಕಿ, ಅವನ ಕ್ಯಾಮೆರಾ ಹೋದಲ್ಲೇ ನಿಮ್ಮದೂ ಹೋಗುತ್ತೆ. ಪೂರ್ತಿ ಮ್ಯಾಪ್ ತೆರೆದಿಟ್ಟು ನೋಡಿದರೆ ಅವನಿಗೂ ಅಷ್ಟೆಲ್ಲ ಕಾಣ್ತಿತ್ತು ಅನ್ನೋ ಭ್ರಮೆ ನಿಮಗೇ ಹತ್ತುತ್ತೆ.

ಕೆಲವು ಸಂಗತಿ ಮೋಸದ ಹಾಗೆ ಕಾಣುತ್ತೆ, ಆದರೆ ಅಲ್ಲ. ಸ್ಕೌಟ್ (ಮ್ಯಾಪ್ ಸುತ್ತಿ ನೋಡೋ ಕುದುರೆ ಸವಾರ) ನೇರವಾಗಿ ಎದುರು ಮೂಲೆಗೆ ಓಡೋದು: ಇಬ್ಬರ ಅರೇಬಿಯಾದಲ್ಲಿ ಎದುರಾಳಿ ಸಾಮಾನ್ಯವಾಗಿ ಆಚೆ ಕಡೆಯೇ ಇರ್ತಾನೆ. ಎದುರಾಳಿ ಫ್ಯೂಡಲ್ ಏಜ್‌ಗೆ (ಆಟದ ಎರಡನೇ ಯುಗ) ಹೋದ ತಕ್ಷಣ ಗೋಡೆ ಕಟ್ಟೋದು: ಏಜ್ ಬದಲಾದರೆ ಗೇಮೇ ಎಲ್ಲರಿಗೂ ಸಾರುತ್ತೆ. ವಿಲೇಜರ್ ಸತ್ತದ್ದು ಗೊತ್ತಾಗೋದು: ಸ್ಕೋರ್ ಇಳಿದದ್ದು ಪರದೆ ಮೇಲೇ ಇದೆ, ಪಳಗಿದವರು ಅದನ್ನ ಪುಸ್ತಕದ ಹಾಗೆ ಓದ್ತಾರೆ.

ನಿಜವಾಗಿ ಗಮನಿಸಬೇಕಾದ ಮೊದಲ ಜಾಗ ಕುರಿ ಹುಡುಕಾಟ. ಟೌನ್ ಸೆಂಟರ್ (ಊರಿನ ಮುಖ್ಯ ಕಟ್ಟಡ) ಹತ್ತಿರದ 4 ಕುರಿ ಬಿಟ್ಟರೆ ಉಳಿದ ಜೋಡಿಗಳು ಪ್ರತಿ ಮ್ಯಾಪ್‌ನಲ್ಲೂ ಬೇರೆ ಕಡೆ ಇರುತ್ತವೆ. ಎಲ್ಲರ ಸ್ಕೌಟ್ ಸುತ್ತುತ್ತೆ, ಒಂದೆರಡು ಸಲ ಖಾಲಿ ಜಾಗಕ್ಕೆ ಹೋಗಿ ಬರುತ್ತೆ. ಮೂರು ಪಂದ್ಯದಲ್ಲೂ ಗೆರೆ ಎಳೆದ ಹಾಗೆ ಕುರಿಯಿಂದ ಕುರಿಗೆ ಹೋಗಿದ್ದರೆ ಬರೆದಿಟ್ಟುಕೊಳ್ಳಿ. ಆಮೇಲೆ, ಕಪ್ಪು ಜಾಗದ ಮೇಲೆ ಕ್ಯಾಮೆರಾ ಹೋಗಿ ನಿಲ್ಲೋದು, ಅದೂ ಅಲ್ಲಿ ನಿಜಕ್ಕೂ ಸೈನ್ಯ ಇದ್ದಾಗ. ಕಾಣೋದಕ್ಕೆ ಮೊದಲೇ ಗುಂಪು ತಿರುಗಿ ಓಡೋದು.

ಪ್ರತಿ ಘಟನೆಗೂ ನಾಲ್ಕು ವಿಷಯ ಬರೀರಿ: ಆಟದ ಸಮಯ, ಅವನು ಮಾಡಿದ್ದು, ಆ ಕ್ಷಣ ಅವನಿಗೆ ಕಾಣ್ತಿದ್ದದ್ದು, ಬೇರೆ ಕಾರಣ ಇರಬಹುದಾ. ಇದಕ್ಕೆ ವಿರುದ್ಧವಾದ ಸಾಕ್ಷಿಯನ್ನೂ ಹುಡುಕಲೇಬೇಕು. ಎರಡು ಚೌಕ ಪಕ್ಕದಲ್ಲೇ ಇದ್ದ ಹಂದಿ ಬಿಟ್ಟು ಮುಂದೆ ಹೋದದ್ದು, ಅಡಗಿದ್ದ ಬಿಲ್ಲುಗಾರರ ಬಾಯಿಗೆ ವಿಲೇಜರ್ ಕಳಿಸಿದ್ದು. ಇಂಥವು ಹೇರಳವಾಗಿದ್ದರೆ ಅನುಮಾನ ತಾನಾಗಿ ಕರಗುತ್ತೆ. ರೀಪ್ಲೇ ಪರಿಶೀಲಿಸೋ ಇಬ್ಬರು ಪರಸ್ಪರ ಮಾತಾಡದೆ ಬೇರೆ ಬೇರೆಯಾಗಿ ನೋಡಲಿ. ಒಂದೇ ಪಂದ್ಯದ ಒಂದು ಕ್ಷಣ ಹಿಡಿದು ಯಾರನ್ನೂ ಹೊರಹಾಕಬೇಡಿ. ಅದೃಷ್ಟಕ್ಕೂ ಮೋಸಕ್ಕೂ ಒಂದು ಕ್ಷಣದಲ್ಲಿ ವ್ಯತ್ಯಾಸ ತಿಳಿಯಲ್ಲ.

ಮಾರುಕಟ್ಟೆ_ರಸ್ತೆ:
ಹ್ಯಾಕ್ ಬೇಡದ ಮೋಸವೂ ಇದೆ: ಸ್ಟ್ರೀಮ್ ನೋಡೋದು. 2012ರ ಲೀಗ್ ಆಫ್ ಲೆಜೆಂಡ್ಸ್ ವಿಶ್ವ ಟೂರ್ನಿಯಲ್ಲಿ ಪ್ರೇಕ್ಷಕರಿಗಿಟ್ಟ ದೊಡ್ಡ ಪರದೆಯ ಮಿನಿಮ್ಯಾಪ್ (ಮೂಲೆಯ ಚಿಕ್ಕ ನಕ್ಷೆ) ಕಡೆ ಕಣ್ಣು ಹಾಯಿಸಿದ್ದಕ್ಕೆ ಅಜುಬು ಫ್ರಾಸ್ಟ್ ತಂಡಕ್ಕೆ 30,000 ಡಾಲರ್ ದಂಡ ಬಿತ್ತು. ನಿಮ್ಮದು ಮನೆಯಿಂದ ಆಡೋ ಟೂರ್ನಿ, ಫೋನ್ ಕೈಯಲ್ಲೇ ಇರುತ್ತೆ. ಲಾಬಿಯ ಸ್ಪೆಕ್ಟೇಟರ್ ಡಿಲೇ (ನೋಡೋರಿಗೆ ಆಟ ತಡವಾಗಿ ಕಾಣೋ ಹಾಗೆ ಮಾಡೋದು) ಜಾಸ್ತಿ ಇಡಿ, ಆಟಗಾರರು ಸ್ವಂತ ಸ್ಟ್ರೀಮ್ ಮಾಡಿದರೆ ಕನಿಷ್ಠ 5 ನಿಮಿಷ ತಡ ಕಡ್ಡಾಯ ಮಾಡಿ. ಸಿವಿ (ಆಡೋ ನಾಗರಿಕತೆ) ಆಯ್ಕೆಯನ್ನ ಚಾಟ್‌ನಲ್ಲಿ ಕೇಳಬೇಡಿ, ಕ್ಯಾಪ್ಟನ್ಸ್ ಮೋಡ್ ಅನ್ನೋ ಆಯ್ಕೆ ವೆಬ್‌ಸೈಟ್‌ನಲ್ಲಿ ಹಿಡನ್ ಪಿಕ್ ಹಾಕಿದರೆ ಇಬ್ಬರದ್ದೂ ಒಟ್ಟಿಗೆ ತೆರೆಯುತ್ತೆ.

ಸಂಪರ್ಕ ಕಡಿತದ ನಿಯಮ ಮೊದಲೇ ಬರೆದಿಡಿ. ಸೇವ್‌ನಿಂದ ರಿಸ್ಟೋರ್ ಆದರೆ ಅಲ್ಲಿಂದಲೇ ಮುಂದುವರಿಸಿ. ಆಗದಿದ್ದರೆ, ಇನ್ನೂ ಕಾದಾಟ ಶುರುವಾಗಿಲ್ಲ ಅಂದರೆ ಅದೇ ಸಿವಿಗಳು, ಹೊಸ ಮ್ಯಾಪ್. ಹಳೇ ಮ್ಯಾಪ್ ಕೊಟ್ಟರೆ ಸ್ಕೌಟ್ ಮಾಡಿದ್ದೆಲ್ಲ ನೆನಪಿನಲ್ಲಿರುತ್ತೆ.

ಮ್ಯಾಕ್ರೋಗೆ (ಒಂದೇ ಕೀಗೆ ಹಲವು ಕೆಲಸ ಕಟ್ಟೋದು) ಒಂದೇ ಸಾಲು ಸಾಕು: ಒಂದು ಕೀ ಒತ್ತಿದರೆ ಒಂದೇ ಕೆಲಸ. "ಎಲ್ಲ ಟೌನ್ ಸೆಂಟರ್ ಆಯ್ಕೆ" ಥರದ, ಗೇಮ್ ತಾನೇ ಕೊಟ್ಟ ಹಾಟ್‌ಕೀಗಳಿಗೆ ಅಡ್ಡಿಯಿಲ್ಲ. ಚಿಕ್ಕ ಮರ, ಗ್ರಿಡ್ ಥರದ, ಗೇಮ್‌ನ ನೋಟ ಬದಲಿಸೋ ಮಾಡ್‌ಗಳನ್ನ ಹೆಸರು ಹಿಡಿದು ಅನುಮತಿಸಿ, ಉಳಿದವು ಕೇಳಿಯೇ ಬಳಸಲಿ. ಎದುರಾಳಿಯ ಹಂದಿ ಕದಿಯೋದು ಮೋಸ ಅಲ್ಲ, ತಂತ್ರ. ನಿಮಗೆ ಬೇಡ ಅಂದರೆ ನಿಯಮದಲ್ಲೇ ಬರೀಬೇಕು, ಪಂದ್ಯ ಆದಮೇಲೆ ಹೇಳಿದರೆ ನಡೆಯಲ್ಲ.

ಎಲೋ_1650:
1200ರ ಮಿತಿಗೆ ಈಗಿನ ಎಲೋ ನೋಡಬೇಡಿ, ಇದುವರೆಗಿನ ಗರಿಷ್ಠ ಎಲೋ ನೋಡಿ. ಬೇಕಂತಲೇ ಸೋತು 1180ಕ್ಕೆ ಇಳಿಯೋದು ಎರಡು ಸಂಜೆ ಕೆಲಸ. ಕನಿಷ್ಠ 50 ರ‍್ಯಾಂಕ್ಡ್ ಪಂದ್ಯ ಆಡಿರಬೇಕು ಅಂತಲೂ ಸೇರಿಸಿ, ಹೊಸ ಅಕೌಂಟ್ ತೆರೆದು ಬರೋರಿಗೆ ಅಲ್ಲೇ ತಡೆ.

ಬೆಟ್ಟಿಂಗ್ ನಿಷೇಧ ಮರೀಬೇಡಿ. ಸ್ಟಾರ್‌ಕ್ರಾಫ್ಟ್ 2ರ 2014ರ ವಿಶ್ವ ಚಾಂಪಿಯನ್ 'ಲೈಫ್' ದುಡ್ಡಿಗಾಗಿ ಪಂದ್ಯ ಬಿಟ್ಟುಕೊಟ್ಟ ಪ್ರಕರಣದಲ್ಲಿ ದಕ್ಷಿಣ ಕೊರಿಯಾದ ನ್ಯಾಯಾಲಯ 2016ರಲ್ಲಿ ಅಮಾನತಿನಲ್ಲಿಟ್ಟ 18 ತಿಂಗಳ ಜೈಲು ಶಿಕ್ಷೆ, 7 ಕೋಟಿ ವಾನ್ ದಂಡ ಹಾಕಿತು. ಅಷ್ಟು ದೊಡ್ಡ ಪ್ರತಿಭೆ ಅಲ್ಲಿಗೆ ಮುಗಿಯಿತು, ಈಗಲೂ ಬೇಸರ ಆಗುತ್ತೆ. ನಮ್ಮಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಪ್ರವೇಶ ಶುಲ್ಕ, ಬಹುಮಾನಕ್ಕೆ ಜಾಗ ಕೊಟ್ಟಿದೆ, ಆದರೆ ಆಡೋರಾಗಲಿ ನೋಡೋರಾಗಲಿ ಪಣ ಕಟ್ಟೋ ಹಾಗಿಲ್ಲ.

ಕೋಟೆಬಾಗಿಲು:
ತುಂಬಾ ಉಪಕಾರ ಆಯ್ತು. ಕೊನೇ ಪ್ರಶ್ನೆ: ಪಂದ್ಯದ ನಡುವೆಯೇ ಒಬ್ಬ ಚಾಟ್‌ನಲ್ಲಿ "ಹ್ಯಾಕರ್" ಅಂತ ಕೂಗಿ ಆಟಕ್ಕೆ ಪಾಜ್ ಹಾಕಿದರೆ?

ರೆಕ್_ಓದುಗ:
ನಿಲ್ಲಿಸಬೇಡಿ, ಪೂರ್ತಿ ಆಡಿಸಿ. ದೂರನ್ನ 12 ಗಂಟೆಯೊಳಗೆ ನಿಮಗೆ ಖಾಸಗಿಯಾಗಿ, ಆಟದ ಸಮಯ ನಮೂದಿಸಿ ಕಳಿಸಲಿ. ಬಹಿರಂಗ ಆರೋಪಕ್ಕೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಆ ಗೇಮ್ ಸೋತ ಲೆಕ್ಕ. ತೀರ್ಪು ಬರೋವರೆಗೆ ಆ ಇಬ್ಬರ ಮುಂದಿನ ಸುತ್ತು ಮಾತ್ರ ತಡೆಹಿಡಿಯಿರಿ, ಉಳಿದ ಪಂದ್ಯಗಳು ನಡೀಲಿ. ಸುತ್ತುಗಳ ನಡುವೆ ಎರಡು ದಿನ ಬಿಡುವು ಇಟ್ಟಿದ್ದರೆ ಇದಕ್ಕೆಲ್ಲ ಸಮಯ ಸಿಗುತ್ತೆ.