ಪದ ಬೇಕು: ‘ಪದಾರ್ಥ ಪರೀಕ್ಷೆ’ ಅಂದರೆ ನಗ್ತಾರಾ?

ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು, ಅದಕ್ಕೇ ಅವಸರ. ಡಿಮೆನ್ಷಿಯಾ ಇರುವವರಲ್ಲಿ ಪದಗಳ ಅರ್ಥ ಎಷ್ಟು ಉಳಿದಿದೆ ಎಂದು ನೋಡುವ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹವೇ ಸಿಗುತ್ತಿಲ್ಲ. ‘ಪದಾರ್ಥ ಪರೀಕ್ಷೆ’ ಎಂದು ಬರೆದೆ. ಮನೆಯವರು ಓದಿ, ‘ಏನು, ಕಲಬೆರಕೆ ಹಿಡಿಯೋದಾ?’ ಎಂದರು.

ಹೆಸರು ನಾಲಿಗೆ ತುದಿಯಲ್ಲೇ ನಿಂತುಬಿಡುವುದು ಬೇರೆ. ಅದು ನಮಗೂ ಆಗುತ್ತದೆ. ಇಲ್ಲಿ ‘ಕತ್ತರಿ ತೋರಿಸಿ’ ಅಂದರೆ, ‘ಕತ್ತರಿ... ಕತ್ತರಿ ಅಂದ್ರೆ ಏನು?’ ಎಂದು ವಾಪಸ್ ಕೇಳುತ್ತಾರೆ. ಉಚ್ಚಾರ ಸರಿಯಾಗಿದೆ, ಒಳಗೆ ಖಾಲಿ. ಈ ವ್ಯತ್ಯಾಸ ತಲೆಬರಹದಲ್ಲಿ ಕಾಣಬೇಕು. ಡಿಮೆನ್ಷಿಯಾಗೆ ‘ಬುದ್ಧಿಮಾಂದ್ಯ’ ನಡೆಯುತ್ತದಾ?

* * *

> ‘ಬುದ್ಧಿಮಾಂದ್ಯ’ ನಡೆಯುತ್ತದಾ?

ಇಲ್ಲ. ಅದು ಚಿಕ್ಕಂದಿನಿಂದ ಇರುವ ತೊಂದರೆಗೆ ಅಂಟಿಕೊಂಡ ಪದ. ಇದು ಇದ್ದದ್ದು ಹೋಗುವುದು. ‘ಅರಳುಮರಳು’ ಇದೆಯಲ್ಲ, ಅದಕ್ಕೇನು ಕಮ್ಮಿ?

‘ಅರ್ಥ’ವನ್ನೂ ಕೈಬಿಡಿ. ನಮ್ಮದೇ ‘ಹುರುಳು’ ಇದೆ. ಹಳಗನ್ನಡದಲ್ಲಿ ‘ಒರೆ’ ಅಂದರೆ ಮಾತು. ಒರೆಗಲ್ಲಿನ ಒರೆಯೂ ಇದೆ, ಉಜ್ಜಿ ನೋಡುವುದು. ಎರಡೂ ಒಂದೇ ಬೇರಿನಿಂದ ಬಂದಿರಬೇಕು ಎನ್ನುವುದು ನನ್ನ ಹಳೆಯ ವಾದ. ಮಾತಿನ ಹುರುಳನ್ನು ಒರೆಗೆ ಹಚ್ಚುವುದು: ‘ಒರೆಹುರುಳೊರೆ’. ಇದಕ್ಕಿಂತ ಚೆಂದದ ಪದ ಸಿಗಲಿಕ್ಕಿಲ್ಲ.

* * *

ಒರೆ ಅಂದರೆ ಕತ್ತಿ ಇಡುವುದು ಅಂದುಕೊಂಡಿದ್ದೆ. ಕ್ಷಮಿಸಿ.

* * *

ನಾನು ಇಂಥ ಪರೀಕ್ಷೆ ಮಾಡಿಸುವವಳು. ‘ಅರಳುಮರಳು’ ವಯಸ್ಸಾದವರನ್ನು ಆಡಿಕೊಳ್ಳುವ ಮಾತು. ಪದದ ಅರ್ಥವೇ ಅಳಿಸಿಹೋಗುವ ಬಗೆ 65ರ ಒಳಗೇ ಶುರುವಾಗುವುದು ಜಾಸ್ತಿ. ನಿನ್ನೆ ಯಾರು ಬಂದಿದ್ದರು ಎಂದು ಅವರು ಸರಿಯಾಗಿಯೇ ಹೇಳಬಹುದು, ಹಾಗಾಗಿ ‘ಮರೆಗುಳಿ’ಯೂ ತಪ್ಪು. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ವಾರಿಂಗ್ಟನ್ 1975ರಲ್ಲೇ ಇದನ್ನು ಬೇರೆಯಾಗಿ ವಿವರಿಸಿದ್ದರು. ‘ಸೆಮ್ಯಾಂಟಿಕ್ ಡಿಮೆನ್ಷಿಯಾ’ ಎಂಬ ಹೆಸರು ಬಂದದ್ದು 1989ರಲ್ಲಿ. ಡಿಮೆನ್ಷಿಯಾ ಎಂದೇ ಬಿಡಿ. ಇನ್ನು ‘ಹುರುಳು’: ‘ಇವರಿಗೆ ಹುರುಳಿಲ್ಲ’ ಎಂದು ವರದಿ ಬರೆದು ಮನೆಯವರ ಕೈಗೆ ಕೊಡುವುದು ಹೇಗೆ ಹೇಳಿ?

ನನಗೆ ತಲೆಬರಹಕ್ಕಿಂತ ಒಳಗಿನ ಪದಗಳದ್ದೇ ಚಿಂತೆ. ಅವನ್ನು ಸುಮ್ನೆ ಅನುವಾದಿಸಬೇಡಿ. 1992ರ ಒಂದು ಹೆಸರಾದ ಪರೀಕ್ಷೆಯಲ್ಲಿ ಮೂರು ಮೂರು ಚಿತ್ರಗಳ 52 ಗುಂಪುಗಳಿವೆ. ಮೇಲೆ ಪಿರಮಿಡ್, ಕೆಳಗೆ ತಾಳೆ ಮತ್ತು ಪೈನ್ ಮರ. ಯಾವುದು ಜೊತೆಗೆ ಹೋಗುತ್ತದೆ? ಪೈನ್ ಮರವನ್ನೇ ಕಾಣದವರು ತಪ್ಪು ಮಾಡಿದರೆ ಅದು ಕಾಯಿಲೆಯಲ್ಲ.

ಸರಿಯುತ್ತರದ ಪಕ್ಕ ಯಾವ ಚಿತ್ರ ಇಡುತ್ತೀರಿ ಎಂದೂ ನೋಡಿಕೊಳ್ಳಿ. ಈ ಕಾಯಿಲೆಯಲ್ಲಿ ಮೊದಲು ಅಳಿಯುವುದು ಸಣ್ಣ ವ್ಯತ್ಯಾಸಗಳು. ‘ಕತ್ತೆ’ ಹೋಗಿರುತ್ತದೆ, ‘ಯಾವುದೋ ಪ್ರಾಣಿ’ ಎನ್ನುವುದು ಉಳಿದಿರುತ್ತದೆ. ಕತ್ತೆಯ ಪಕ್ಕ ಕುರ್ಚಿ ಇಟ್ಟರೆ ಎಲ್ಲರೂ ಪಾಸು. ಕುದುರೆ ಇಡಿ, ಆಗ ಗೊತ್ತಾಗುತ್ತದೆ. ಮತ್ತೆ, ‘ಅರ್ಥ ಹೇಳಿ’ ಎಂದು ಕೇಳಬೇಡಿ. ಬಾಯಿಬಿಟ್ಟು ವಿವರಿಸುವುದು ಇನ್ನೊಂದೇ ಕಷ್ಟ. ತೋರಿಸಲು ಹೇಳಿ, ಸಾಕು.

* * *

ನಿಮ್ಮ ಪಟ್ಟಿಯಲ್ಲಿ ‘ಪೆನ್’ ಇರುತ್ತದೆ ಅಂದುಕೊಳ್ಳುತ್ತೇನೆ. ‘ಬರೆಗೋಲು’ ಯಾಕಾಗಬಾರದು? ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ಕೊನೆಗೆ ಕನ್ನಡದಲ್ಲಿ ಬರೀ ವಿಭಕ್ತಿ ಉಳಿಯುತ್ತದೆ.

* * *

‘ಬರೆಗೋಲು ತೋರಿಸಿ’ ಅಂದಾಗ ಅವರು ಸುಮ್ಮನೆ ಕೂತರೆ, ಅವರಿಗೆ ಪದ ಕಳೆದುಹೋಗಿದೆಯೋ, ಮೊದಲಿಂದಲೂ ಇರಲೇ ಇಲ್ಲವೋ? ನಾನೇನು ಬರೆಯಲಿ ವರದಿಯಲ್ಲಿ? ಇರದಿದ್ದ ಪದವನ್ನು ಕಳೆದುಕೊಳ್ಳಲು ಆಗಲ್ಲ, ಅಲ್ವಾ? ನಲವತ್ತು ವರ್ಷ ಬಾಯಲ್ಲಿ ಇದ್ದದ್ದು ಪೆನ್. ಅದೇ ಅವರ ಕನ್ನಡ. ‘ಲೇಖನಿ’ಯೂ ಬೇಡ, ಅದು ಅರ್ಥಕ್ಕಿಂತ ಓದನ್ನು ಅಳೆಯುತ್ತದೆ.

* * *

ನಿಮ್ಮ ವಾದದಂತೆ ಹೊಸ ಪದ ಹುಟ್ಟುವುದೇ ಬೇಡ.

* * *

ಹುಟ್ಟಲಿ. ರೋಗಿಯ ಮುಂದೆ ಬೇಡ.

* * *

ಎಲ್ಲರಿಗೂ ಥ್ಯಾಂಕ್ಸ್. ಕಳಿಸಿದೆ. ತಲೆಬರಹ ‘ಪದ ಕೇಳಿ, ಚಿತ್ರ ತೋರಿಸಿ’. ಕೆಳಗೆ ಸಣ್ಣಕ್ಷರದಲ್ಲಿ ‘ಪದಗಳ ಅರ್ಥ ತಿಳಿಯುವಿಕೆ’. ಕತ್ತೆಯ ಪಕ್ಕ ಕುದುರೆ ಬಂತು. ಲೇಖನಿ ತೆಗೆದು ಪೆನ್ ಹಾಕಿದೆ.

* * *

‘ಪೆನ್’ ಅಲ್ಲ, ‘ಪೆನ್ನು’. ಎರವಲು ತಂದರೂ ಕೊನೆಗೆ ಒಂದು ಉಕಾರ ಹಚ್ಚಿ.