ಮಕ್ಕಳ ಜೊತೆ ಮರುಭೂಮಿ ಚಾರಣ: ಕಡಿಮೆ ಖರ್ಚಲ್ಲಿ ಹೇಗೆ?

ಪ್ರಶ್ನೆ:
ಸರ್, ನಮಸ್ತೆ. ನಾವು ನಾಲ್ಕು ಜನ. ಮಗಳಿಗೆ 11, ಮಗನಿಗೆ 7. ಇಷ್ಟು ದಿನ ಕಾಡು, ಬೆಟ್ಟ ಅಂತ ನಡೆದಿದ್ದೇವೆ. ಈ ಸಲ ಮರುಭೂಮಿ ನೋಡೋಣ ಅಂತ ಆಸೆ. ಯಾವ ಮರುಭೂಮಿ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಒಂದು ವಾರ ಸಮಯ ಇದೆ. ಪ್ಯಾಕೇಜ್ ಟೂರ್‌ಗಳ ರೇಟ್ ನೋಡಿ ತಲೆ ತಿರುಗಿತು, ಅದಕ್ಕೇ ನಾವೇ ಪ್ಲಾನ್ ಮಾಡಿಕೊಳ್ಳೋಣ ಅಂದುಕೊಂಡಿದ್ದೇವೆ. ಸುಡು ಬೇಸಿಗೆಯಲ್ಲಿ ಹೋದರೆ ಹೋಟೆಲ್ ಅರ್ಧ ಬೆಲೆಗೆ ಸಿಗುತ್ತಿದೆ. ಬುಕ್ ಮಾಡಿಬಿಡಲಾ?

ಉತ್ತರ (ಚಾರಣ ಮಾರ್ಗದರ್ಶಿ):
ಮೇಡಂ, ಮೊದಲು ಆ ಬುಕಿಂಗ್ ನಿಲ್ಲಿಸಿ. ಅಗ್ಗ ಇರುವುದಕ್ಕೆ ಕಾರಣ ಇದೆ. ಈಜುಕೊಳದ ಪಕ್ಕ ಕೂತು ವಾಪಸ್ ಬರುವವರಿಗೆ ಆ ದರ ಲಾಭವೇ, ನಡೆಯಲು ಹೋಗುವವರಿಗೆ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 10ರ ನಂತರ ತಗ್ಗು ಪ್ರದೇಶದಲ್ಲಿ ನಡೆಯಬೇಡಿ ಅಂತ ಉದ್ಯಾನದವರೇ ಹೇಳುತ್ತಾರೆ. ದಿನಕ್ಕೆ ಎರಡು ಗಂಟೆ ನಡೆದು ಉಳಿದಿದ್ದೆಲ್ಲಾ ಏಸಿ ರೂಮಲ್ಲಿ ಕಳೆಯುವುದಾದರೆ, ಅರ್ಧ ಬೆಲೆ ಕೊಟ್ಟರೂ ನಿಮಗೆ ಅದು ದುಬಾರಿಯೇ ಅಲ್ವಾ?

ಒಂದೊಂದು ಮರುಭೂಮಿಗೆ ಒಂದೊಂದು ಕಾಲ. ಥಾರ್‌ಗೆ ನವೆಂಬರ್‌ನಿಂದ ಫೆಬ್ರವರಿ. ಜೋರ್ಡನ್‌ನ ವಾಡಿ ರಮ್‌ಗೆ ಮಾರ್ಚ್-ಏಪ್ರಿಲ್ ಅಥವಾ ಅಕ್ಟೋಬರ್-ನವೆಂಬರ್. ಆಫ್ರಿಕಾದ ನಮೀಬ್ ಭೂಮಧ್ಯರೇಖೆಯ ದಕ್ಷಿಣಕ್ಕಿದೆ, ಅಲ್ಲಿ ಕಾಲಗಳು ನಮಗೆ ಉಲ್ಟಾ, ಹಾಗಾಗಿ ಮೇನಿಂದ ಸೆಪ್ಟೆಂಬರ್ ಚೆನ್ನಾಗಿರುತ್ತದೆ. ದುಡ್ಡು ಉಳಿಸಬೇಕು ಅಂದರೆ ಈ ಕಾಲದ ಒಳಗೇ ಜನ ಕಡಿಮೆ ಇರುವ ವಾರ ಹುಡುಕಿ. ವರ್ಷದ ಕೊನೆಯ ವಾರ ಮತ್ತು ಸಾಲು ರಜೆ ಬಿಟ್ಟುಬಿಡಿ. ವಾರದ ಮಧ್ಯೆ ಹೊರಟು ವಾರದ ಮಧ್ಯೆ ಬನ್ನಿ. ದಿನಾಂಕ ಹೊಂದದಿದ್ದರೆ ಎತ್ತರದ ಜಾಗ ನೋಡಿ. ಒಣಗಾಳಿಯಲ್ಲಿ ಸಾವಿರ ಮೀಟರ್ ಮೇಲೇರಿದರೆ ಆರೇಳು ಡಿಗ್ರಿ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ತಂಪಾಗುತ್ತದೆ.

ಇನ್ನು ದುಡ್ಡು ಸೋರುವುದು ಎಲ್ಲಿ? ಹೆಚ್ಚಿನವರು ಊಟ, ಟೆಂಟ್ ಅಂತ ಲೆಕ್ಕ ಹಾಕುತ್ತಾರೆ. ನಿಜವಾಗಿ ಸೋರುವುದು ಓಡಾಟದಲ್ಲಿ. ಒಂದು ವಾರದಲ್ಲಿ ನಾಲ್ಕು ಜಾಗ ಮುಗಿಸುವ ಆಸೆ ಇರುತ್ತದೆ. ಮರುಭೂಮಿಯಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ನೂರಾರು ಕಿಲೋಮೀಟರ್. ಇಂಧನ, ದಿನಾ ಹೊಸ ರೂಮ್, ದಾರಿಯಲ್ಲಿ ಊಟ, ಕಾರಲ್ಲಿ ಬೇಜಾರಾದ ಮಕ್ಕಳು. ಒಂದೇ ಜಾಗ ಹಿಡಿಯಿರಿ. ಅಡುಗೆಮನೆ ಇರುವ ಒಂದು ಮನೆ ಇಡೀ ವಾರಕ್ಕೆ ತೆಗೆದುಕೊಳ್ಳಿ, ಅಥವಾ ನೀರಿನ ನಲ್ಲಿ ಇರುವ ಕ್ಯಾಂಪ್. ಅರ್ಧ ಗಂಟೆಯ ಒಳಗೆ ತಲುಪುವ ನಾಲ್ಕೈದು ಸಣ್ಣ ಹಾದಿಗಳಿದ್ದರೆ ವಾರಕ್ಕೆ ಸಾಕು.

ಫೋರ್ ವೀಲ್ ಡ್ರೈವ್ ಬೇಕೇ ಬೇಕು ಅಂತ ಎಲ್ಲರೂ ಹೆದರಿಸುತ್ತಾರೆ. ಟಾರ್ ರಸ್ತೆಯಿಂದಲೇ ಶುರುವಾಗುವ ಹಾದಿ ಆರಿಸಿಕೊಂಡರೆ ಸಾಮಾನ್ಯ ಕಾರು ಸಾಕು. ಮರಳಿನೊಳಗೆ ಹೋಗಲೇಬೇಕು ಅನ್ನುವ ಒಂದು ದಿನಕ್ಕೆ ಮಾತ್ರ ಡ್ರೈವರ್ ಸಮೇತ ಜೀಪ್ ಮಾಡಿಕೊಳ್ಳಿ. ತಲೆಗೆ ಇಷ್ಟು ಅಂತಲ್ಲದೆ ಗಾಡಿಗೆ ಇಷ್ಟು ಅಂತ ಲೆಕ್ಕ ಇದ್ದರೆ ಇನ್ನೊಂದು ಕುಟುಂಬದ ಜೊತೆ ಹಂಚಿಕೊಳ್ಳಬಹುದು. ಬಾಡಿಗೆ ಕಾರಿನ ಕರಾರು ಮಾತ್ರ ಪೂರ್ತಿ ಓದಿ. ಟಾರ್ ಬಿಟ್ಟು ಇಳಿದರೆ ವಿಮೆ ಸಿಗದ ಕರಾರುಗಳು ಬೇಕಾದಷ್ಟಿವೆ.

ಸದಸ್ಯರೊಬ್ಬರ ಪ್ರಶ್ನೆ:
ಸರ್, ನೀರಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳಿ. ದಿನಕ್ಕೆ ಎಷ್ಟು ಲೀಟರ್? ಅಷ್ಟನ್ನೂ ಹೊತ್ತುಕೊಂಡು ನಡೆಯೋದಾ?

ಉತ್ತರ:
ಇದೇ ಮುಖ್ಯ ಪ್ರಶ್ನೆ. ಇಡೀ ಪ್ಲಾನ್ ನಿಂತಿರುವುದೇ ಇದರ ಮೇಲೆ.

ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್. ನಾಲ್ಕು ಜನಕ್ಕೆ 16 ಲೀಟರ್, ಅಂದರೆ 16 ಕಿಲೋ. ಅದೆಲ್ಲಾ ಬೆನ್ನ ಮೇಲಲ್ಲ, ಗಾಡಿಯಲ್ಲಿ ಇರಬೇಕು. ಅದೂ ಒಂದೇ ದೊಡ್ಡ ಕ್ಯಾನಿನಲ್ಲಿ ಬೇಡ. ಅದು ಸೋರಿದರೆ ಕಥೆ ಮುಗಿಯಿತು. ಮೂರು ನಾಲ್ಕು ಕ್ಯಾನ್ ಮಾಡಿಕೊಳ್ಳಿ.

ನಡೆಯುವಾಗ ದೊಡ್ಡವರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೇಕಾಗುತ್ತದೆ. ಮೂರು ಗಂಟೆಯ ಬೆಳಗಿನ ನಡಿಗೆಗೆ ದೊಡ್ಡವರಿಗೆ ತಲಾ ಎರಡೂವರೆ, ಮಕ್ಕಳಿಗೆ ತಲಾ ಒಂದೂವರೆ ಇಟ್ಟುಕೊಂಡರೆ ಒಟ್ಟು 8 ಲೀಟರ್. ಮಕ್ಕಳ ಹತ್ತಿರ ಅರ್ಧರ್ಧ ಲೀಟರ್ ಕೊಡಿ. ಉಳಿದ 7 ಕಿಲೋ ಅಪ್ಪ-ಅಮ್ಮನ ಬೆನ್ನಿಗೆ. ಇದು ಹೊರಬಹುದಾದ ಭಾರ. ಆರು ಗಂಟೆಯ ಹಾದಿ ಆರಿಸಿಕೊಂಡರೆ ಇದೇ ಭಾರ ಎರಡರಷ್ಟು. ಹಾಗಾಗಿ ಹಾದಿ ಎಷ್ಟು ಉದ್ದ ಇರಬೇಕು ಅನ್ನುವುದನ್ನು ನಕ್ಷೆ ನೋಡಿ ತೀರ್ಮಾನಿಸಬೇಡಿ, ಎಷ್ಟು ನೀರು ಹೊರಬಲ್ಲಿರಿ ಅಂತ ನೋಡಿ ತೀರ್ಮಾನಿಸಿ.

ಅರ್ಧ ನೀರು ಖಾಲಿಯಾಯಿತಾ, ತಿರುಗಿ. ಎದುರಿಗೆ ಏನೇ ಕಾಣುತ್ತಿರಲಿ. ಪೈಪಿನಿಂದ ಹೀರುವ ನೀರಿನ ಚೀಲಕ್ಕಿಂತ ಬಾಟಲಿ ವಾಸಿ ಅನ್ನುವುದೂ ಅದಕ್ಕೇ, ಎಷ್ಟು ಉಳಿದಿದೆ ಅಂತ ಕಣ್ಣಿಗೆ ಕಾಣುತ್ತದೆ.

ಹೆದರಿಸಲಿಕ್ಕೆ ಹೇಳುತ್ತಿಲ್ಲ, ಆದರೆ ಗೊತ್ತಿರಲಿ. 2015ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಮರಳುದಿಬ್ಬಗಳಿಗೆ ಫ್ರಾನ್ಸ್‌ನ ಒಂದು ಕುಟುಂಬ ಹೋಗಿತ್ತು. ಗಂಡ, ಹೆಂಡತಿ, 9 ವರ್ಷದ ಮಗ. ಹಾದಿ ಹೋಗಿ ಬರಲು ಸುಮಾರು 8 ಕಿಲೋಮೀಟರ್ ಮಾತ್ರ. ಎಲ್ಲೂ ನೆರಳಿಲ್ಲ, ನೀರಿಲ್ಲ. ಅವರ ಬಳಿ ಇದ್ದದ್ದು ಎರಡು ಸಣ್ಣ ಬಾಟಲಿ. ಗಂಡ ಹೆಂಡತಿ ಇಬ್ಬರೂ ಬಿಸಿಲಿಗೆ ಸತ್ತರು. ಮಗ ಬದುಕಿಕೊಂಡ. ತಾವು ಒಂದು ಗುಟುಕು ಕುಡಿದರೆ ಅವನಿಗೆ ಎರಡು ಗುಟುಕು ಕೊಟ್ಟಿದ್ದರು ಅಂತ ಆಮೇಲೆ ಅಲ್ಲಿನ ಪೊಲೀಸ್ ಅಧಿಕಾರಿ ಹೇಳಿದರು. 8 ಕಿಲೋಮೀಟರ್ ಅಂದರೆ ಊರಲ್ಲಿ ನಾವು ಲೆಕ್ಕಕ್ಕೇ ಇಡದ ದೂರ.

ಇನ್ನೊಂದು ವಿಷಯ. ಬರೀ ನೀರನ್ನೇ ಸುರಿದುಕೊಳ್ಳಬೇಡಿ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ನೀರು ಮಾತ್ರ ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ ಬರಬಹುದು. ನಡುನಡುವೆ ಉಪ್ಪಿನಂಶ ಇರುವ ಕುರುಕಲು ತಿನ್ನಿ. ಜೊತೆಗೆ ಓಆರ್‌ಎಸ್ ಪುಡಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಸಮತಟ್ಟಾಗಿರಲಿ, ರಾಶಿ ಬೇಡ.

ಇನ್ನೊಬ್ಬ ಸದಸ್ಯರು:
ನಾನು ಬೆಟ್ಟದಲ್ಲಿ ದಿನಕ್ಕೆ 20 ಕಿ.ಮೀ. ಆರಾಮಾಗಿ ಹೊಡೀತೀನಿ ಸರ್. ಮೂರು ಗಂಟೆ ನಡೆಯೋಕೆ ಅಷ್ಟು ದೂರ ಯಾಕೆ ಹೋಗಬೇಕು? ಸ್ವಲ್ಪ ಅತಿ ಆಯ್ತು ಅನ್ಸುತ್ತೆ.

ಉತ್ತರ:
ನೀವು ಒಬ್ಬರೇ ಹೋಗುವುದಾದರೆ ಲೆಕ್ಕ ಬೇರೆ. ಇಲ್ಲಿ ಕೇಳಿರುವುದು ಏಳು ವರ್ಷದ ಹುಡುಗನ ಅಮ್ಮ.

ಚಾರಣದವರು ಬಳಸುವ ಹಳೆಯ ಲೆಕ್ಕ ಒಂದಿದೆ, ನೈಸ್ಮಿತ್ ಎಂಬವರು 1892ರಲ್ಲಿ ಹೇಳಿದ್ದು. 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿ ನೆಲದಲ್ಲಿ ನಡೆಯುವ ಗಟ್ಟಿಗರಿಗೆ. ಸಡಿಲ ಮರಳಲ್ಲಿ ಹೆಜ್ಜೆ ಇಟ್ಟಷ್ಟೂ ಹಿಂದಕ್ಕೆ ಜಾರುತ್ತದೆ, ಶ್ರಮ ಹೆಚ್ಚುಕಡಿಮೆ ದುಪ್ಪಟ್ಟು. ಮೇಲೆ ಮಕ್ಕಳ ನಡಿಗೆ. ಮೂರು ಗಂಟೆಗೆ 5-6 ಕಿಲೋಮೀಟರ್ ಆದರೆ ಭೇಷ್ ಅನ್ನಿ.

ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಬೆವರು ಕಡಿಮೆ, ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ಹವಾಮಾನ ವರದಿಯ ತಾಪಮಾನ ನೆರಳಲ್ಲಿ, ಎದೆಮಟ್ಟದ ಎತ್ತರದಲ್ಲಿ ಅಳೆದದ್ದು. ಬಿಸಿಲಿಗೆ ಕಾದ ನೆಲ ಅದಕ್ಕಿಂತ ಎಷ್ಟೋ ಬಿಸಿ, ಆ ನೆಲಕ್ಕೆ ಹತ್ತಿರ ಇರುವುದು ಮಕ್ಕಳೇ. ಅಂಗೈ ಹಿಂಭಾಗವನ್ನು ಮರಳಿಗೆ ಒತ್ತಿ ನೋಡಿ. ಐದು ಸೆಕೆಂಡ್ ಇಡಲಾಗದಿದ್ದರೆ ನಡಿಗೆ ನಿಲ್ಲಿಸುವ ಹೊತ್ತಾಗಿದೆ.

ಮಗು ಗೊಣಗುತ್ತಿದ್ದರೆ ನನಗೆ ಅಷ್ಟು ಚಿಂತೆ ಇಲ್ಲ. ವಟವಟ ಅನ್ನುತ್ತಿದ್ದ ಮಗು ಸುಮ್ಮನಾದರೆ ಚಿಂತೆ. ಮುಖ ಕೆಂಪಾಗಿದೆ, ತಲೆನೋವು ಅನ್ನುತ್ತಿದೆ, ಮೂತ್ರಕ್ಕೆ ಹೋಗಿ ಬಹಳ ಹೊತ್ತಾಗಿದೆ ಅಂದರೆ ತಕ್ಷಣ ನೆರಳಿಗೆ ಕರೆದೊಯ್ದು ಕೂರಿಸಿ, ಬಟ್ಟೆ ಒದ್ದೆ ಮಾಡಿ, ಗಾಳಿ ಬೀಸಿ. ಮಾತು ತಡವರಿಸಿದರೆ, ಏನೇನೋ ಮಾತಾಡಿದರೆ ಅದು ಹೀಟ್ ಸ್ಟ್ರೋಕ್. ತಂಪು ಮಾಡುತ್ತಲೇ ತುರ್ತು ಸಹಾಯ ಕರೆಯಿರಿ. ಪ್ರಜ್ಞೆ ಸರಿ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಪ್ರಶ್ನೆ ಕೇಳಿದವರು:
ಸರ್, ಅರ್ಥ ಆಯ್ತು. ಬುಕಿಂಗ್ ಕೈಬಿಟ್ಟೆ. ಈಗ ಸಾಮಾನಿನ ಬಗ್ಗೆ. ಅಂಗಡಿಯ ಪಟ್ಟಿ ನೋಡಿದರೆ ಇನ್ನೊಂದು ಟ್ರಿಪ್‌ನ ದುಡ್ಡು ಅದಕ್ಕೇ ಬೇಕು. ಯಾವುದು ನಿಜವಾಗಿ ಬೇಕು?

ಉತ್ತರ:
ಬಹಳಷ್ಟು ಮನೆಯಲ್ಲೇ ಇದೆ. ತುಂಬು ತೋಳಿನ ಸಡಿಲ ಹತ್ತಿ ಅಂಗಿ, ಅಪ್ಪನ ಹಳೆಯದಾದರೂ ಸರಿ. ಕುತ್ತಿಗೆ ಮುಚ್ಚುವ ಬಟ್ಟೆ, ಅಗಲ ಅಂಚಿನ ಟೋಪಿ. ಶೂ ಹೊಸದು ಬೇಡವೇ ಬೇಡ, ಕಾಲಿಗೆ ಪಳಗಿದ್ದೇ ಇರಲಿ. ಬೊಬ್ಬೆ ಬರುವ ಮೊದಲು ಅಲ್ಲಿ ಉರಿ ಶುರುವಾಗುತ್ತದೆ. ಆಗಲೇ ನಿಂತು, ಮರಳು ಕೊಡವಿ, ಟೇಪ್ ಅಂಟಿಸಿ. ಒಂದು ಜೊತೆ ಕಾಲುಚೀಲ ಜಾಸ್ತಿ ಇರಲಿ.

ಸ್ಲೀಪಿಂಗ್ ಬ್ಯಾಗ್ ಗೆಳೆಯರಿಂದ ಎರವಲು ತನ್ನಿ, ಇಲ್ಲಾ ಬಾಡಿಗೆಗೆ ತನ್ನಿ. ಮರುಭೂಮಿಯಲ್ಲಿ ಸಂಜೆ ಆಗುತ್ತಿದ್ದಂತೆ ಬಿಸಿಯೆಲ್ಲಾ ಆಕಾಶಕ್ಕೆ ಹೊರಟುಹೋಗುತ್ತದೆ. ಹಿಡಿದಿಡಲು ಮೋಡವೂ ಇಲ್ಲ, ಗಾಳಿಯಲ್ಲಿ ತೇವವೂ ಇಲ್ಲ. ಹಗಲು-ರಾತ್ರಿಗೆ 15-20 ಡಿಗ್ರಿ ವ್ಯತ್ಯಾಸ ಮಾಮೂಲಿ. ಹಗಲು ಬೆವರಿದ ಹತ್ತಿ ಬಟ್ಟೆಯಲ್ಲೇ ಮಲಗಿಸಿದರೆ ಮಕ್ಕಳು ರಾತ್ರಿಯಿಡೀ ನಡುಗುತ್ತಾರೆ. ಒಣಗಿದ ಉಣ್ಣೆ ಬಟ್ಟೆ ಒಂದು ಜೊತೆ ಬೇರೆ ಇಡಿ. ಕೆಳಗೆ ಹಾಸಲು ದಪ್ಪ ಮ್ಯಾಟ್ ಬೇಕು, ಚಳಿ ಹೆಚ್ಚು ಏರುವುದು ನೆಲದಿಂದ.

ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಎರಡು: ಮಕ್ಕಳಿಗೆ ಯುವಿ (ಅತಿನೇರಳೆ) ಕಿರಣ ತಡೆಯುವ ಒಳ್ಳೆಯ ಕನ್ನಡಕ, ತಲೆಗೆ ಕಟ್ಟುವ ಟಾರ್ಚ್ ನಾಲ್ಕು. ಒಂದೊಂದು ಸೀಟಿ ಎಲ್ಲರ ಕುತ್ತಿಗೆಯಲ್ಲಿರಲಿ. ದಾರಿ ತಪ್ಪಿದರೆ ಅಲ್ಲೇ ನಿಂತು ಮೂರು ಸಲ ಊದಬೇಕು ಅಂತ ಮೊದಲೇ ಆಟದ ಥರ ಕಲಿಸಿ. ಕಳ್ಳಿ ಗಿಡಗಳ ನಾಡಿಗೆ ಹೋಗುವುದಾದರೆ ಒಂದು ಬಾಚಣಿಗೆ ಮತ್ತು ಚಿಮಟ ಇರಲಿ. ಅಮೆರಿಕ-ಮೆಕ್ಸಿಕೋ ಗಡಿಯ ಸೊನೊರನ್ ಮರುಭೂಮಿಯ ಚೋಯಾ ಕಳ್ಳಿ ಸೋಕಿದರೆ ಮುಳ್ಳಿನ ಉಂಡೆಯೇ ಕಿತ್ತು ಅಂಟಿಕೊಳ್ಳುತ್ತದೆ. ಕೈ ಹಾಕಿದರೆ ಕೈಗೂ ಅಂಟುತ್ತದೆ. ಬಾಚಣಿಗೆಯನ್ನು ಉಂಡೆಗೂ ಚರ್ಮಕ್ಕೂ ನಡುವೆ ತೂರಿಸಿ ಒಂದೇ ಏಟಿಗೆ ಚಿಮ್ಮಿಸಬೇಕು.

ಸದಸ್ಯರೊಬ್ಬರ ಪ್ರಶ್ನೆ:
ಚೇಳು, ಹಾವು? ನಮ್ಮ ಮನೆಯವರು ಅದಕ್ಕೇ ಒಪ್ಪುತ್ತಿಲ್ಲ.

ಉತ್ತರ:
ಕಲ್ಲಿನ ಸಂದಿಗೆ ಕೈ ಹಾಕಬಾರದು, ಶೂ ಕೊಡವದೆ ಹಾಕಬಾರದು, ಟೆಂಟ್ ಜಿಪ್ ಸದಾ ಮುಚ್ಚಿರಬೇಕು, ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬಾರದು. ಇಷ್ಟು ಪಾಲಿಸಿದರೆ ಅಪಾಯ ಬಹಳ ಕಡಿಮೆ. ಮಕ್ಕಳ ಹೆದರಿಕೆ ಕಳೆಯಲು ಒಂದು ಸಣ್ಣ ಯುವಿ ಟಾರ್ಚ್ ಒಯ್ಯಿರಿ. ಅದರ ಬೆಳಕಲ್ಲಿ ಚೇಳು ನೀಲಿ-ಹಸಿರಾಗಿ ಹೊಳೆಯುತ್ತದೆ. ದೂರದಿಂದ ನೋಡಿದರೆ ಆಯಿತು, ರಾತ್ರಿಯ ಮನರಂಜನೆ ಪುಕ್ಕಟೆ.

ನನ್ನ ಮಟ್ಟಿಗೆ ಚೇಳಿಗಿಂತ ಮಳೆ ಹೆಚ್ಚು ಅಪಾಯಕಾರಿ. ಗಟ್ಟಿ ನೆಲ ನೀರನ್ನು ಬೇಗ ಹೀರುವುದಿಲ್ಲ. ಎಲ್ಲೋ ದೂರದಲ್ಲಿ ಸುರಿದದ್ದು ಕಿರಿದಾದ ಕಮರಿಯಲ್ಲಿ ಗೋಡೆಯಂತೆ ನುಗ್ಗಿ ಬರುತ್ತದೆ. 1997ರ ಆಗಸ್ಟ್‌ನಲ್ಲಿ ಅರಿಜೋನಾದ ಆ್ಯಂಟಿಲೋಪ್ ಕಮರಿಯಲ್ಲಿ ಹೀಗೇ 11 ಜನ ಸತ್ತರು. ಮಳೆ ಬಿದ್ದದ್ದು ಅಲ್ಲಲ್ಲ, ಮೈಲುಗಟ್ಟಲೆ ಆಚೆ. ಆದ್ದರಿಂದ ಒಣಗಿದ ಹಳ್ಳದಲ್ಲಿ ಟೆಂಟ್ ಹಾಕಬೇಡಿ, ಮರಳು ಎಷ್ಟೇ ಮೆತ್ತಗಿರಲಿ. ಕಮರಿಗೆ ಇಳಿಯುವ ದಿನ ಸುತ್ತಮುತ್ತಲಿನ ಇಡೀ ಪ್ರದೇಶದ ಮುನ್ಸೂಚನೆ ನೋಡಿ. ಇಂಥ ಕಡೆ ಸ್ಥಳೀಯ ಗೈಡ್‌ಗೆ ಕೊಡುವ ದುಡ್ಡಲ್ಲಿ ಚೌಕಾಸಿ ಬೇಡ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಈಗ ಹೀಗೆ ಯೋಚಿಸಿದ್ದೇವೆ. ಒಂದೇ ಮನೆ, ಆರು ರಾತ್ರಿ. ಬೆಳಿಗ್ಗೆ 5:30ಕ್ಕೆ ಹೊರಟು 9:30ರ ಒಳಗೆ ವಾಪಸ್. ಮಧ್ಯಾಹ್ನ ಮನೇಲಿ. ಸಂಜೆ ಮರಳುದಿಬ್ಬ. ನಾಲ್ಕನೇ ದಿನ ಮಾತ್ರ ಒಂದು ಕಮರಿ ಹಾದಿ, ಸ್ವಲ್ಪ ಉದ್ದ ಇದೆ. ಸರಿ ಇದೆಯಾ?

ಉತ್ತರ:
ಚೆನ್ನಾಗಿದೆ. ಎರಡು ತಿದ್ದುಪಡಿ. ಆ ವಾರದೊಳಗೆ ಅಮಾವಾಸ್ಯೆ ಬರುವ ಹಾಗೆ ದಿನಾಂಕ ಹೊಂದಿಸಿ. ಒಂದು ಸಂಜೆ ದಿಬ್ಬ ಬಿಟ್ಟು ಅಂಗಳದಲ್ಲಿ ಹಾಸಿ ಮಲಗಿ ನಕ್ಷತ್ರ ನೋಡಿ, ಟಿಕೆಟ್ ಇಲ್ಲ.

ಕಮರಿ ಹಾದಿ ಬೆಟ್ಟಕ್ಕೆ ಉಲ್ಟಾ. ಮೊದಲು ಇಳಿಜಾರು, ಸುಸ್ತಾದ ಮೇಲೆ ಏರು. ಇಳಿಯಲು ಒಂದು ಗಂಟೆ ಆದರೆ ಹತ್ತಲು ಎರಡು ಇಟ್ಟುಕೊಳ್ಳಿ. ನಿಮ್ಮ ಮಗ ಇಳಿಯುವಾಗ ಓಡುತ್ತಾನೆ, ಅದನ್ನು ನೋಡಿ ಮೋಸ ಹೋಗಬೇಡಿ. 9:30ಕ್ಕೆ ಮೇಲಿರಬೇಕು ಅಂದರೆ, 5:30ಕ್ಕೇ ಇಳಿಯಲು ಶುರು ಮಾಡಿದರೂ 6:50ಕ್ಕೆ ತಿರುಗಬೇಕು, ತಳ ಮುಟ್ಟದಿದ್ದರೂ ಸರಿ. ಯಾವ ಹಾದಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಚೀಟಿ ಬರೆದು ಮನೆ ಮಾಲೀಕರ ಕೈಲಿ ಕೊಟ್ಟು ಹೊರಡಿ, ಕಮರಿಯಲ್ಲಿ ಫೋನ್ ಸಿಗ್ನಲ್ ನಂಬುವಂತಿಲ್ಲ. ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕಾರು ಎಲ್ಲಾದರೂ ಕೆಟ್ಟು ನಿಂತರೆ ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ, ನೀರು ಮತ್ತು ನೆರಳೂ ಅಲ್ಲೇ ಇರುತ್ತದೆ. ಆ ದಿನ ಗಾಡಿಯಲ್ಲಿ 16 ಅಲ್ಲ, 20 ಲೀಟರ್ ಇಡಿ.