ಸಹಾಯ ಬೇಕು: ತಂಬಾಕಿನ ಎಲೆಯಲ್ಲಿ ಡಿ-ಅಲನಿನ್ ಎಲ್ಲಿಂದ ಬಂತು?

ನಮಸ್ಕಾರ. ವಿಶ್ಲೇಷಣಾ ರಸಾಯನಶಾಸ್ತ್ರ ಬಲ್ಲವರು ಸ್ವಲ್ಪ ಇತ್ತ ನೋಡಿ.

ಕ್ಯೂರಿಂಗ್ ಆದ (ಒಣಗಿಸಿ ಹದಮಾಡಿದ) ತಂಬಾಕಿನ ಎಲೆಯಲ್ಲಿರುವ ಬಿಡಿ ಅಮೈನೋ ಆಮ್ಲಗಳನ್ನು ಅಳೆಯುತ್ತಿದ್ದೇನೆ. ಎಲ್, ಡಿ ಎಂಬ ಕನ್ನಡಿ ರೂಪಗಳನ್ನು ಬೇರ್ಪಡಿಸಲು ನೆರವಾಗುವ ಮಾರ್ಫಿ ರೀಏಜೆಂಟ್ ಸೇರಿಸಿ, ಮಿಶ್ರಣದ ಘಟಕಗಳನ್ನು ಬಿಡಿಸುವ ಎಚ್‌ಪಿಎಲ್‌ಸಿಗೆ ಹಾಕಿದರೆ, ಎಲ್-ಅಲನಿನ್‌ನ ದೊಡ್ಡ ಪೀಕ್ ಆದಮೇಲೆ ಒಂದು ಪುಟ್ಟ ಪೀಕ್ ಏಳುತ್ತದೆ. ಡಿ-ಅಲನಿನ್ ಸ್ಟ್ಯಾಂಡರ್ಡ್ ಬೆರೆಸಿದಾಗ ಅದೇ ಪೀಕ್ ಎತ್ತರವಾಗುತ್ತದೆ, ಹಾಗಾಗಿ ಗುರುತಿನ ಬಗ್ಗೆ ನನಗೆ ಅಷ್ಟೇನೂ ಅನುಮಾನವಿಲ್ಲ.

ತಲೆನೋವು ಮೂಲದ್ದು. ಕಾವಿನಲ್ಲಿ ಸಕ್ಕರೆಯೂ ಅಮೈನೋ ಆಮ್ಲವೂ ಕೂಡಿ ಅಮಡೋರಿ ಸಂಯುಕ್ತಗಳಾಗುತ್ತವೆ. ಆ ಸ್ಥಿತಿಯಲ್ಲಿ ಆಲ್ಫಾ ಇಂಗಾಲದ ಹೈಡ್ರೋಜನ್ ಸಡಿಲವಾಗಿ, ಮರಳಿ ಸೇರುವಾಗ ಎದುರು ಬದಿಯಿಂದಲೂ ಸೇರಬಹುದು. ಎಲ್ ಹೋಗಿ ಕನ್ನಡಿ ರೂಪದ ಡಿ ಆಗುವುದು ಹೀಗೆ. ಆದರೆ ಬ್ಯಾಕ್ಟೀರಿಯಾಗಳ ಕೋಶಭಿತ್ತಿಯಲ್ಲೂ ಡಿ-ಅಲನಿನ್, ಡಿ-ಗ್ಲುಟಾಮಿಕ್ ಆಮ್ಲ ಇರುತ್ತವೆ. ಹುದುಗು ಬರಿಸಿದ ಎಲೆಯಾದರೆ ಇದನ್ನು ತಳ್ಳಿಹಾಕೋ ಹಾಗೇ ಇಲ್ಲ.

ಇವೆರಡನ್ನೂ ಬೇರ್ಪಡಿಸಿ ತೋರಿಸಲು ಯಾವ ಕಂಟ್ರೋಲ್ ಇಡಬೇಕು? ಎಲ್-ಅಲನಿನ್ ಮತ್ತು ಗ್ಲೂಕೋಸನ್ನು ಸ್ಟೆರೈಲ್ ಆಗಿ ಬಿಸಿ ಮಾಡಿ ಹೋಲಿಸಿದರೆ ಸಾಕಾ, ಅಥವಾ ಎಲೆಯನ್ನೇ ಸ್ಟೆರೈಲ್ ಮಾಡಬೇಕಾ? ಸ್ಟೆರೈಲ್ ಮಾಡಲು ಕಾಯಿಸಿದರೆ ಆ ಕಾವೇ ಡಿ ರೂಪ ಹುಟ್ಟಿಸಿಬಿಟ್ಟರೆ?

ಆಸಿಡ್ ಹೈಡ್ರಾಲಿಸಿಸ್ (ಆಮ್ಲದಲ್ಲಿ ಕಾಯಿಸಿ ಪ್ರೋಟೀನ್ ಒಡೆಯುವುದು) ಮಾಡಿ ಅನ್ನಬೇಡಿ ದಯವಿಟ್ಟು, ಅದರಲ್ಲೇ ಒಂದಿಷ್ಟು ರೇಸಿಮೀಕರಣ (ಎಲ್ ರೂಪ ಡಿ ಆಗುವುದು) ಆಗುತ್ತದೆ. ಅಮೈನೋ ಆಮ್ಲಕ್ಕೆ ಅಂಟಿಸುವ ಇನ್ನೊಂದು ರೀಏಜೆಂಟ್ ಒಪಿಎಯೂ ಬೇಡ: ಈ ಎಲೆಯಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಜಾಸ್ತಿ, ಅದು ಒಪಿಎಗೆ ಸಿಗೋದಿಲ್ಲ. ಕೈರಲ್ ಜಿಸಿ-ಎಂಎಸ್ (ಕನ್ನಡಿ ರೂಪಗಳನ್ನು ಬೇರ್ಪಡಿಸುವ ಕಾಲಮ್ ಇರುವ ಗ್ಯಾಸ್ ಕ್ರೊಮಟೋಗ್ರಫಿ-ಮಾಸ್ ಸ್ಪೆಕ್ಟ್ರೋಮೆಟ್ರಿ) ಮೇಲೆ ಪ್ರೋಲಿನ್‌ನ ಎಲ್-ಡಿ ಜೋಡಿಯನ್ನು ಚೆನ್ನಾಗಿ ಬಿಡಿಸಿದವರಿದ್ದರೆ ಕಾಲಮ್, ಟೆಂಪರೇಚರ್ ಪ್ರೋಗ್ರಾಂ ತಿಳಿಸಿ.